ಬೀಳುವ ಮನೆಗೆ ಆಸರೆಯ ಕಂಬ

ಜಠರದ ಕೆಳಬಾಯಿಯಲ್ಲಿ ಬೆಳೆದ ಕ್ಯಾನ್ಸರ್ ಗಡ್ಡೆ ಮೊದಲು ಕಸಿದುಕೊಳ್ಳುವುದು ಊಟವನ್ನು. ಬೆಳಿಗ್ಗೆ ತಿಂದದ್ದು ಸಂಜೆ ವಾಂತಿಯಾಗುತ್ತದೆ. ಕೆಲವೊಮ್ಮೆ ನಿನ್ನೆಯ ಅನ್ನದ ಅಗುಳು ಗುರುತು ಸಿಗುವಷ್ಟು ಇಡಿಯಾಗಿಯೇ ಹೊರಬರುತ್ತದೆ. ಹೊಟ್ಟೆ ಉಬ್ಬಿಕೊಂಡಿರುತ್ತದೆ, ಮೈ ಮಾತ್ರ ದಿನದಿನಕ್ಕೆ ಒಣಗುತ್ತಿರುತ್ತದೆ. ಆಪರೇಷನ್ ಮಾಡಲೆಂದು ಹೊಟ್ಟೆ ತೆರೆದಾಗ ಯಕೃತ್ತಿನ ಮೇಲೂ ಕರುಳನ್ನು ಹೊದ್ದ ಪೊರೆಯ ಮೇಲೂ ರವೆ ಚೆಲ್ಲಿದ ಹಾಗೆ ಬಿಳಿಯ ಗಂಟುಗಳು ಕಂಡರೆ, ಈ ರೋಗ ಇನ್ನು ವಾಸಿಯಾಗುವುದಲ್ಲ ಎಂದು ಸರ್ಜನ್ನಿಗೆ ಅಲ್ಲೇ ಗೊತ್ತಾಗುತ್ತದೆ. ಆಗ ತೆರೆದದ್ದನ್ನು ಹಾಗೇ ಹೊಲಿದು ಮುಚ್ಚಬಹುದು. ಇಲ್ಲವೇ ಸಣ್ಣ ಕರುಳಿನ ಒಂದು ಸುತ್ತನ್ನು ಮೇಲೆತ್ತಿ, ಜಠರದ ಗೋಡೆಗೆ ಜೋಡಿಸಿ ಹೊಲಿದು, ಗಡ್ಡೆಯನ್ನು ಬಳಸಿಕೊಂಡು ಹೋಗುವ ಹೊಸ ಹಾದಿಯೊಂದನ್ನು ಮಾಡಬಹುದು. ಗಡ್ಡೆ ಅಲ್ಲೇ ಇರುತ್ತದೆ, ಬೆಳೆಯುತ್ತದೆ, ಕೆಲವು ತಿಂಗಳಲ್ಲಿ ಜೀವವನ್ನೂ ತೆಗೆಯುತ್ತದೆ; ಅಲ್ಲಿಯವರೆಗೆ ಗಂಜಿ ಒಳಗೆ ಇಳಿಯುತ್ತದೆ. ಉಳಿಯದ ದೇಹದ ಮೇಲೆ ಕತ್ತಿ ಇಡುವುದು ಕರುಣೆಯೋ ಕ್ರೌರ್ಯವೋ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ. ವೈದ್ಯಶಾಸ್ತ್ರ ಇದಕ್ಕೆ ಅರ್ಧ ಉತ್ತರ ಕೊಡಬಲ್ಲದು. ಉಳಿದರ್ಧ ಧರ್ಮದ ವಿಚಾರ. ವೈದ್ಯ ಇರುವುದು ಏತಕ್ಕೆ, ಬದುಕಿನ ಕೊನೆಯ ಭಾಗ ಯಾರಿಗೆ ಸೇರಿದ್ದು ಎಂಬ ವಿಚಾರ. ರೋಗಿ ತನ್ನ ಬಾಯಲ್ಲಿ ಹೇಳಿದ ಒಂದು ನಿರ್ದಿಷ್ಟ ಕಷ್ಟಕ್ಕೆ ಉತ್ತರವಾಗಿ ಬಂದಾಗ ಈ ಶಸ್ತ್ರ ಧರ್ಮ, ಸುತ್ತಲಿನವರ ಸಮಾಧಾನಕ್ಕೆಂದು ಬಂದಾಗ ಹಿಂಸೆ ಎನ್ನುವುದು ಈ ಬರಹದ ವಾದ.

ಈ ಶಸ್ತ್ರಚಿಕಿತ್ಸೆಯ ಹುಟ್ಟನ್ನೇ ನೋಡೋಣ. 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೊಡೋರ್ ಬಿಲ್ರೋಟ್ 43 ವರ್ಷದ ಮಹಿಳೆಯೊಬ್ಬರ ಜಠರದ ಕೆಳಭಾಗವನ್ನು ಗಡ್ಡೆಯ ಸಮೇತ ಕತ್ತರಿಸಿ ತೆಗೆದರು. ಅಂಥ ಆಪರೇಷನ್ನಿನಿಂದ ರೋಗಿ ಎದ್ದು ಕೂತದ್ದು ಅದೇ ಮೊದಲು. ಶಸ್ತ್ರವೈದ್ಯದ ಚರಿತ್ರೆ ಅದನ್ನು ದೊಡ್ಡ ಗೆಲುವೆಂದು ಬರೆದುಕೊಂಡಿತು. ಅದೇ ವರ್ಷ ಸೆಪ್ಟೆಂಬರ್ 28ರಂದು ಬಿಲ್ರೋಟರ ಸಹಾಯಕ ಆಂಟನ್ ವೋಲ್ಫ್ಲರ್ ಇನ್ನೊಬ್ಬ ರೋಗಿಯ ಹೊಟ್ಟೆ ತೆರೆದಾಗ ಗಡ್ಡೆ ತೆಗೆಯಲಾಗದಷ್ಟು ಬೆಳೆದಿತ್ತು. ಪಕ್ಕದಲ್ಲಿದ್ದ ನಿಕೊಲಾಡೋನಿ ಎಂಬ ಸಹೋದ್ಯೋಗಿ ಬಳಸು ಹಾದಿಯ ಉಪಾಯ ಸೂಚಿಸಿದರು; ವೋಲ್ಫ್ಲರ್ ಹಾಗೇ ಮಾಡಿದರು. ಜಠರಕ್ಕೆ ಕರುಳನ್ನು ಜೋಡಿಸುವ ಶಸ್ತ್ರಚಿಕಿತ್ಸೆ ಹುಟ್ಟಿದ್ದು ಹೀಗೆ. ಈಗ ಮೊದಲನೆಯ ಗೆಲುವಿನ ಕಡೆ ತಿರುಗಿ ನೋಡಿದರೆ, ಆ ಮಹಿಳೆಯೂ ಸುಮಾರು ನಾಲ್ಕು ತಿಂಗಳಲ್ಲಿ ಮರುಕಳಿಸಿದ ಕ್ಯಾನ್ಸರಿನಿಂದಲೇ ತೀರಿಕೊಂಡರು. ವಾಸಿ ಮಾಡಿದ್ದೆಂದು ಹೆಸರಾದ ಶಸ್ತ್ರವೂ ಅವರಿಗೆ ಕೊಟ್ಟದ್ದು ಊಟ ಇಳಿಯುವ ನಾಲ್ಕು ತಿಂಗಳನ್ನೇ. ಜಠರದ ಶಸ್ತ್ರಚಿಕಿತ್ಸೆ ಶುರುವಾದದ್ದೇ ಉಪಶಮನವಾಗಿ ಎಂದರೆ ತಪ್ಪಾಗದು. ವಾಸಿ ಮಾಡುವ ಶಕ್ತಿ ಅದಕ್ಕೆ ಬಂದದ್ದು ಆಮೇಲೆ.

ಉಪಶಮನ ಎಂಬ ಮಾತನ್ನು ನಾವು ಈಗ ಆಸ್ಪತ್ರೆಯ ಬೋರ್ಡುಗಳಲ್ಲಿ ಓದುತ್ತೇವೆ. ತತ್ತ್ವಶಾಸ್ತ್ರದಲ್ಲೂ ಅದಕ್ಕೆ ಜಾಗವಿದೆ. ಜೈನರ ಕರ್ಮಸಿದ್ಧಾಂತದಲ್ಲಿ ಉಪಶಮ, ಕ್ಷಯ ಎಂದು ಎರಡು ಸ್ಥಿತಿಗಳಿವೆ. ತತ್ತ್ವಾರ್ಥಸೂತ್ರಕ್ಕೆ ವ್ಯಾಖ್ಯಾನ ಬರೆದ ಪೂಜ್ಯಪಾದರು ಇವೆರಡರ ವ್ಯತ್ಯಾಸ ತಿಳಿಸಲು ಬಗ್ಗಡದ ನೀರಿನ ಹೋಲಿಕೆ ಕೊಡುತ್ತಾರೆ. ಕತಕದ ಬೀಜ, ಅಂದರೆ ಚಿಲ್ಲದ ಬೀಜವನ್ನು ಹಾಕಿದರೆ ಕೆಸರು ತಳಕ್ಕೆ ಕೂರುತ್ತದೆ, ಮೇಲೆ ನೀರು ತಿಳಿಯಾಗುತ್ತದೆ, ಇದು ಉಪಶಮ. ಆ ತಿಳಿನೀರನ್ನು ಬೇರೆ ಪಾತ್ರೆಗೆ ಬಸಿದುಕೊಂಡರೆ ಕೆಸರಿನ ಸಂಬಂಧವೇ ಕಳೆಯುತ್ತದೆ, ಇದು ಕ್ಷಯ. ಉಪಶಮದಲ್ಲಿ ಕೆಸರು ಪಾತ್ರೆಯಲ್ಲೇ ಇದೆ, ಅಲ್ಲಾಡಿಸಿದರೆ ಮೇಲೇಳುತ್ತದೆ. ಹಾಗೆಂದು ಆ ತಿಳಿನೀರು ಸುಳ್ಳಾಗುವುದಿಲ್ಲ. ಬಾಯಾರಿದವನು ಅದನ್ನು ಕುಡಿಯಬಲ್ಲ. ಗಡ್ಡೆಯನ್ನು ಬಿಟ್ಟು ಹಾದಿ ತೆರೆಯುವ ಶಸ್ತ್ರಕ್ಕೆ ಇದಕ್ಕಿಂತ ಸರಿಯಾದ ವಿವರಣೆ ಸಿಗುವುದು ಕಷ್ಟ.

ಆಯುರ್ವೇದಕ್ಕೂ ಈ ನಡುವಿನ ನೆಲ ಗೊತ್ತಿತ್ತು. ರೋಗಗಳನ್ನು ಸಾಧ್ಯ, ಅಸಾಧ್ಯ ಎಂದು ವಿಂಗಡಿಸಿ ಅದು ಸುಮ್ಮನಾಗಲಿಲ್ಲ; ಮಧ್ಯದಲ್ಲಿ ಯಾಪ್ಯ ಎಂಬ ವರ್ಗವೊಂದನ್ನು ಇಟ್ಟಿತು. ಯಾಪ್ಯವೆಂದರೆ ಬೇರು ಸಮೇತ ಹೋಗದ, ಚಿಕಿತ್ಸೆ ನಡೆಯುವಷ್ಟು ಕಾಲ ಹಿಡಿತದಲ್ಲಿರುವ ರೋಗ. ಸುಶ್ರುತ ಸಂಹಿತೆ ಯಾಪ್ಯದ ರೋಗಿಯನ್ನು ಬೀಳಲಿರುವ ಮನೆಗೆ ಹೋಲಿಸುತ್ತದೆ, ಚಿಕಿತ್ಸೆಯನ್ನು ಸರಿಯಾದ ಜಾಗದಲ್ಲಿ ಕೊಟ್ಟ ಆಸರೆಯ ಕಂಬಕ್ಕೆ. ಕಂಬ ಮನೆಯನ್ನು ಹೊಸದಾಗಿ ಕಟ್ಟುವುದಿಲ್ಲ. ಒಳಗಿರುವವರು ಇನ್ನೊಂದಷ್ಟು ದಿನ ಅಲ್ಲಿ ಅಡುಗೆ ಮಾಡಿ ಉಣ್ಣುವಂತೆ ನೋಡಿಕೊಳ್ಳುತ್ತದೆ. ಶಸ್ತ್ರವೈದ್ಯದ ಗ್ರಂಥವೇ ಈ ಹೋಲಿಕೆ ಕೊಟ್ಟಿರುವುದು ಗಮನಿಸಬೇಕಾದ್ದು. ನಮ್ಮ ಇವತ್ತಿನ ಮಾತಿನಲ್ಲಿ ಆ ಮಧ್ಯದ ವರ್ಗ ಕಳೆದುಹೋಗಿದೆ. ಒಂದೋ "ಆಪರೇಷನ್ ಸಕ್ಸಸ್", ಇಲ್ಲವೇ "ಡಾಕ್ಟ್ರು ಕೈಚೆಲ್ಲಿದ್ರು, ಮನೆಗೆ ಕರ್ಕೊಂಡು ಹೋಗಿ ಅಂದ್ರು". ಈ ಎರಡೇ ಮಾತಿರುವ ಮನೆಯಲ್ಲಿ ಉಪಶಮನದ ಶಸ್ತ್ರವನ್ನು ಸೋಲೆಂದೋ ಮೋಸವೆಂದೋ ತಿಳಿಯದೆ ಬೇರೆ ದಾರಿಯಿರುವುದಿಲ್ಲ.

ಯಾವ ಜಾಗದಲ್ಲಿ ಕಂಬ ಕೊಡಬೇಕು ಎಂಬುದಕ್ಕೆ ಕಳೆದ ಕೆಲವು ದಶಕಗಳ ಅಧ್ಯಯನಗಳು ಚೆನ್ನಾಗಿ ಉತ್ತರಿಸಿವೆ. ಮೊದಲು, ಎಲ್ಲಿ ಕೊಡಬಾರದು ಎಂಬುದು. ಜಪಾನ್, ಕೊರಿಯಾ, ಸಿಂಗಪುರದ ಆಸ್ಪತ್ರೆಗಳು ಸೇರಿ ಹರಡಿದ ಜಠರ ಕ್ಯಾನ್ಸರಿನ 175 ರೋಗಿಗಳನ್ನು ಎರಡು ಗುಂಪು ಮಾಡಿದವು. ಒಂದು ಗುಂಪಿಗೆ ಕೀಮೋ ಮಾತ್ರ. ಇನ್ನೊಂದಕ್ಕೆ ಮೊದಲು ಜಠರ ತೆಗೆದು ಆಮೇಲೆ ಕೀಮೋ. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಎರಡು ವರ್ಷದ ಬಳಿಕ ಬದುಕಿದ್ದವರು ಕೀಮೋ ಮಾತ್ರ ಪಡೆದವರಲ್ಲಿ ಶೇ. 31.7, ಜಠರ ತೆಗೆಸಿಕೊಂಡವರಲ್ಲಿ ಶೇ. 25.1. ಗಡ್ಡೆ ತೆಗೆದದ್ದರಿಂದ ಆಯುಷ್ಯ ಹೆಚ್ಚಲಿಲ್ಲ. ಶಸ್ತ್ರದಿಂದ ಸೊರಗಿದ ದೇಹಕ್ಕೆ ಕೀಮೋ ತಡೆದುಕೊಳ್ಳುವುದೂ ಕಷ್ಟವಾಯಿತು. ದೊಡ್ಡ ಕರುಳಿನ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದ್ದರೂ ಮೂಲದ ಗಡ್ಡೆಯಿಂದ ಇನ್ನೂ ತೊಂದರೆಯಾಗದ 165 ಜನರಲ್ಲಿ ಜಪಾನಿನ ವೈದ್ಯರು ಇದನ್ನೇ ಪರೀಕ್ಷಿಸಿದರು. ಗಡ್ಡೆ ತೆಗೆಸಿಕೊಂಡವರ ಬದುಕಿನ ಮಧ್ಯಮಾಂಕ 25.9 ತಿಂಗಳು, ತೆಗೆಸಿಕೊಳ್ಳದವರದು 26.7. ಆಪರೇಷನ್ ನಂತರದ ತೊಡಕುಗಳಿಂದಲೇ ಮೂವರು ತೀರಿಕೊಂಡರು. ತೊಂದರೆ ಕೊಡದ ಗಡ್ಡೆಯನ್ನು "ಹೇಗೂ ಒಳಗಿರುವುದು ಬೇಡ" ಎಂದು ಕತ್ತರಿಸುವುದಕ್ಕೆ ಈ ಲೆಕ್ಕಗಳ ಮುಂದೆ ಸಮರ್ಥನೆಯಿಲ್ಲ. ಅಲ್ಲಿ ಶಮನಗೊಳ್ಳುವುದು ಏನನ್ನಾದರೂ ಮಾಡಲೇಬೇಕೆಂಬ ನಮ್ಮ ತವಕ ಮಾತ್ರ.

ಇನ್ನೊಂದು ಪಕ್ಕವೂ ಅಷ್ಟೇ ಸ್ಪಷ್ಟ. ಜಠರದ ಬಾಯಿ ಮುಚ್ಚಿದ 39 ರೋಗಿಗಳಲ್ಲಿ ನೆದರ್ಲೆಂಡ್ಸಿನ ವೈದ್ಯರು ಬಳಸುಹಾದಿಯ ಶಸ್ತ್ರವನ್ನೂ, ಎಂಡೋಸ್ಕೋಪಿಯಿಂದ ಕೂರಿಸುವ ಲೋಹದ ಬಲೆಯ ಕೊಳವೆ, ಅಂದರೆ ಸ್ಟೆಂಟನ್ನೂ ಹೋಲಿಸಿದರು. 2010ರ ಆ ವರದಿಯ ಪ್ರಕಾರ ಸ್ಟೆಂಟ್ ಹಾಕಿಸಿಕೊಂಡವರು ಸುಮಾರು 5 ದಿನದಲ್ಲಿ ಮೆದು ಆಹಾರ ತಿನ್ನತೊಡಗಿದರೆ, ಶಸ್ತ್ರವಾದವರಿಗೆ 8 ದಿನ ಬೇಕಾಯಿತು. ಆದರೆ ಹಾಗೆ ತಿನ್ನಲಾದ ಒಟ್ಟು ದಿನಗಳು ಶಸ್ತ್ರವಾದವರಿಗೆ 72, ಸ್ಟೆಂಟಿನವರಿಗೆ 50. ಸ್ಟೆಂಟ್ ಮತ್ತೆ ಕಟ್ಟಿಕೊಳ್ಳುವುದು ಇದಕ್ಕೆ ಮುಖ್ಯ ಕಾರಣ. ಎರಡು ತಿಂಗಳಿಗಿಂತ ಹೆಚ್ಚು ಬದುಕುವ ಸಂಭವವಿದ್ದವರಿಗೆ ಶಸ್ತ್ರ, ಅಷ್ಟಿಲ್ಲದವರಿಗೆ ಸ್ಟೆಂಟ್ ಎಂಬ ಸಲಹೆ ಅದರಿಂದ ಬಂತು. ಅಮೆರಿಕದ ಬಾಲ್ಟಿಮೋರಿನಲ್ಲಿ ಮೇದೋಜೀರಕ ಗ್ರಂಥಿಯ ಸುತ್ತಿನ ಕ್ಯಾನ್ಸರನ್ನು ತೆಗೆಯಲಾಗದ 87 ಜನರಲ್ಲಿ 44 ಮಂದಿಗೆ ಹೊಟ್ಟೆ ತೆರೆದಾಗಲೇ ಮುಂಜಾಗ್ರತೆಯಾಗಿ ಬಳಸುಹಾದಿ ಮಾಡಿದರು. ಅವರಲ್ಲಿ ಒಬ್ಬರಿಗೂ ಮುಂದೆ ಜಠರ ಕಟ್ಟಿಕೊಳ್ಳಲಿಲ್ಲ. ಮಾಡದ 43 ಮಂದಿಯಲ್ಲಿ 8 ಜನಕ್ಕೆ ಕಟ್ಟಿತು. ಇಲ್ಲೆಲ್ಲ ಅಳೆದದ್ದು ಆಯುಷ್ಯದ ಉದ್ದವನ್ನಲ್ಲ. ಊಟ ಇಳಿಯಿತೇ ಎಂದು ನೋಡಿದರು.

ಅಳತೆಗೋಲು ಬದಲಾದದ್ದೇ ಈ ವಿಚಾರದ ತಾತ್ವಿಕ ತಿರುವು ಎಂದು ನನಗೆ ಅನಿಸುತ್ತದೆ. ಕ್ಯಾನ್ಸರಿನಿಂದ ಕರುಳು ಕಟ್ಟಿಕೊಂಡವರ ಬಗ್ಗೆ ಅಮೆರಿಕದ ಸಂಶೋಧಕರ ನೇತೃತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು "ಒಳ್ಳೆಯ ದಿನ"ಗಳನ್ನು ಎಣಿಸಿತು. 91 ದಿನಗಳಲ್ಲಿ ರೋಗಿ ಬದುಕಿದ್ದು, ಆಸ್ಪತ್ರೆಯ ಹೊರಗೆ ಕಳೆದ ದಿನ ಎಷ್ಟು ಎಂಬುದು ಲೆಕ್ಕ. ಶಸ್ತ್ರವಾದವರಿಗೆ ಸರಾಸರಿ 42.6, ಶಸ್ತ್ರವಿಲ್ಲದೆ ಔಷಧಿ ಮತ್ತು ನಳಿಗೆಯಿಂದ ನೋಡಿಕೊಂಡವರಿಗೆ 43.9, ವ್ಯತ್ಯಾಸವೇ ಇಲ್ಲ ಎನ್ನಬಹುದು. ಆದರೆ ನಾಲ್ಕನೇ ವಾರದ ಹೊತ್ತಿಗೆ ವಾಂತಿ, ಹೊಟ್ಟೆಯುಬ್ಬರದಂಥ ಕಷ್ಟಗಳು ಶಸ್ತ್ರವಾದವರಲ್ಲಿ ಕಡಿಮೆಯಿದ್ದವು. ಅಂದರೆ ಅಂಕಿ ಸಮವಾಗಿ ನಿಂತಲ್ಲಿ ನಿರ್ಧಾರ ರೋಗಿಯದಾಗುತ್ತದೆ. ವಾಂತಿ ನಿಂತರೆ ಸಾಕು ಎನ್ನುವವರಿಗೆ ಒಂದು ದಾರಿ, ಇನ್ನೊಂದು ಗಾಯ ಬೇಡ, ಮನೆಯ ಜಗಲಿಯಲ್ಲಿ ಕೂತಿರುತ್ತೇನೆ ಎನ್ನುವವರಿಗೆ ಇನ್ನೊಂದು. ವಿಜ್ಞಾನ ಇಲ್ಲಿ ಪಕ್ಕಕ್ಕೆ ಸರಿದು ನಿಂತು, ಒಳ್ಳೆಯ ದಿನವೆಂದರೆ ನಿಮಗೆ ಯಾವುದು ಎಂದು ಕೇಳುತ್ತದೆ. ಅದು ಧರ್ಮಜಿಜ್ಞಾಸೆಯ ಪ್ರಶ್ನೆಯೇ.

ಇದಕ್ಕೆ ಮೊದಲ ಆಕ್ಷೇಪ ವೈರಾಗ್ಯದ ಕಡೆಯಿಂದ ಬರುತ್ತದೆ. ದೇಹ ಬಿಡಬೇಕಾದದ್ದು, ಪ್ರಾರಬ್ಧ ಉಂಡು ತೀರಿಸಬೇಕಾದದ್ದು. ಹೊರಟ ಜೀವವನ್ನು ಹೊಲಿಗೆ ಹಾಕಿ ಯಾಕೆ ಹಿಡಿದಿಡುತ್ತೀರಿ ಎಂದು. ಸಲ್ಲೇಖನವ್ರತದಿಂದ, ಅಂದರೆ ಆಹಾರವನ್ನು ಹಂತಹಂತವಾಗಿ ತೊರೆದು ಸಾವನ್ನು ಎದುರುಗೊಳ್ಳುವ ಜೈನ ವ್ರತದಿಂದ, ಮುಡಿಪಿದವರ ನಿಷಿಧಿಗಲ್ಲುಗಳು ಶ್ರವಣಬೆಳಗೊಳದಲ್ಲಿ ಸಾಲುಗಟ್ಟಿ ನಿಂತಿರುವ ನಾಡಿನಲ್ಲಿ ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಆ ಪರಂಪರೆಯ ಶಾಸ್ತ್ರ ಏನು ಹೇಳುತ್ತದೆಂದು ನೋಡಬೇಕು. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಉಪಸರ್ಗ (ಮೇಲೆರಗಿದ ವಿಪತ್ತು), ಬರಗಾಲ, ಮುಪ್ಪು, ರೋಗಗಳನ್ನು ಸಲ್ಲೇಖನಕ್ಕೆ ಸಂದರ್ಭಗಳೆಂದು ಹೆಸರಿಸುವಾಗ, ಅವು ನಿಷ್ಪ್ರತೀಕಾರವಾಗಿರಬೇಕು, ಅಂದರೆ ಪರಿಹಾರವಿಲ್ಲದವಾಗಿರಬೇಕು ಎಂಬ ಷರತ್ತು ಹಾಕುತ್ತದೆ. ಕ್ಯಾನ್ಸರಿಗೆ ಪರಿಹಾರವಿಲ್ಲದಿರಬಹುದು, ಕಟ್ಟಿದ ಜಠರಕ್ಕೆ ಇದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಸಲ್ಲೇಖನದ ಅತಿಚಾರಗಳನ್ನು, ಅಂದರೆ ವ್ರತಕ್ಕೆ ಕಳಂಕ ತರುವ ದೋಷಗಳನ್ನು ಎಣಿಸುತ್ತದೆ. ಬದುಕಬೇಕೆಂಬ ಹಂಬಲ ಒಂದು ದೋಷ. ಬೇಗ ಸಾಯಬೇಕೆಂಬ ಹಂಬಲವೂ ಅಷ್ಟೇ ದೊಡ್ಡ ದೋಷ. ಮೂರನೆಯದು ಮಿತ್ರಾನುರಾಗ, ತನ್ನವರ ಮೇಲಿನ ಮೋಹ. ವ್ರತ ಹಿಡಿದ ಸಾಧಕನಿಗೆ ಬರೆದ ಈ ಪಟ್ಟಿಯನ್ನು ಆಸ್ಪತ್ರೆಯ ಕಾರಿಡಾರಿಗೆ ತಂದರೂ ಅದು ಸಲ್ಲುತ್ತದೆ. ಇನ್ನಷ್ಟು ವರ್ಷ ಸಿಗುತ್ತದೆಂಬ ಆಸೆಗೆ ಮಾಡಿಸುವ ಆಪರೇಷನ್ ಮೊದಲ ದೋಷದ್ದು. "ಹೇಗೂ ಹೋಗುವವರಲ್ವ" ಎಂದು ಸುಲಭದ ಪರಿಹಾರವನ್ನೂ ನಿರಾಕರಿಸುವುದು ಎರಡನೆಯದ್ದು. ರೋಗಿ ಬೇಡವೆಂದರೂ ಮಕ್ಕಳು ಹಟ ಹಿಡಿದು ಮಾಡಿಸುವುದು ಮೂರನೆಯದ್ದು. ಹತ್ತು ನಿಮಿಷಕ್ಕೊಮ್ಮೆ ಬೇಸಿನ್ನಿಗೆ ಬಾಗುವವನಿಗೆ ಪಂಚನಮಸ್ಕಾರ ಮಂತ್ರದಲ್ಲಿ ಮನಸ್ಸು ನಿಲ್ಲುವುದು ಹೇಗೆ? ಶಾಂತವಾಗಿ ಸಾಯಲಿಕ್ಕೂ ಕರುಳು ತೆರೆದಿರಬೇಕಾಗುತ್ತದೆ.

ಎರಡನೆಯ ಆಕ್ಷೇಪ ಇದರ ತದ್ವಿರುದ್ಧ. ಜೀವ ದೇವರು ಕೊಟ್ಟದ್ದು, ಅದರ ಒಂದೊಂದು ಗಳಿಗೆಯೂ ಪವಿತ್ರ. ಸಾಧ್ಯವಿರುವುದನ್ನೆಲ್ಲ ಮಾಡದೆ ಬಿಡುವುದು ಪಾಪ ಎಂಬುದು. ಜೀವದ ಪಾವಿತ್ರ್ಯವನ್ನು ಕಟ್ಟುನಿಟ್ಟಾಗಿ ಹಿಡಿಯುವ ಕ್ಯಾಥೋಲಿಕ್ ಚರ್ಚೇ ಇದನ್ನು ಒಪ್ಪುವುದಿಲ್ಲ. 1957ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅರಿವಳಿಕೆ ವೈದ್ಯರನ್ನು ಉದ್ದೇಶಿಸಿ ಮಾತನಾಡುತ್ತ, ಜೀವ ಉಳಿಸಿಕೊಳ್ಳಲು ಸಾಮಾನ್ಯ ಉಪಾಯಗಳನ್ನು ಬಳಸುವುದಷ್ಟೇ ಕರ್ತವ್ಯ, ವಿಪರೀತ ಹೊರೆಯಾಗುವ ಅಸಾಮಾನ್ಯ ಉಪಾಯಗಳಿಗೆ ಯಾರೂ ಬದ್ಧರಲ್ಲ ಎಂದು ವಿವರಿಸಿದರು. ಯಾವುದು ಸಾಮಾನ್ಯ ಎಂಬುದನ್ನು ಯಂತ್ರದ ಬೆಲೆಯೋ ಶಸ್ತ್ರದ ಗಾತ್ರವೋ ತೀರ್ಮಾನಿಸುವುದಿಲ್ಲ. ಆ ಮನುಷ್ಯನ ಮೇಲೆ ಬೀಳುವ ಹೊರೆ ತೀರ್ಮಾನಿಸುತ್ತದೆ. ನಮ್ಮ ಕಾನೂನೂ ಅದೇ ದಿಕ್ಕಿನಲ್ಲಿ ಬಂದಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಘನತೆಯಿಂದ ಸಾಯುವ ಹಕ್ಕನ್ನು ಜೀವಿಸುವ ಹಕ್ಕಿನ ಭಾಗವೆಂದು ಒಪ್ಪಿತು. 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಬೇಡವೆನ್ನುವ ಹಕ್ಕು ಇದ್ದಾಗ ಮಾತ್ರ ಬೇಕೆನ್ನುವುದಕ್ಕೆ ಅರ್ಥ ಬರುತ್ತದೆ.

ಮೂರನೆಯದು ನಮ್ಮ ಮನೆಗಳ ಆಕ್ಷೇಪ. ನಿಜ ಹೇಳಿದರೆ ಧೈರ್ಯಗೆಡುತ್ತಾರೆ, "ಗಂಟು ತೆಗೀತಾರೆ, ಸರಿಹೋಗ್ತೀರಿ" ಎಂದರೆ ಸಾಕು ಎನ್ನುತ್ತಾರೆ. ಪ್ರೀತಿಯಿಂದಲೇ ಹೇಳುವ ಸುಳ್ಳು ಅದು, ಒಪ್ಪುತ್ತೇನೆ. ಆದರೆ ಉಪಶಮನದ ಶಸ್ತ್ರ ನಿಂತಿರುವುದೇ ರೋಗಿಯ ಮಾತಿನ ಮೇಲೆ. ಯಾವ ಕಷ್ಟ ಹೋಗಬೇಕು, ಅದಕ್ಕೆ ಎಷ್ಟು ನೋವು ತೆರಲು ಸಿದ್ಧ ಎಂಬುದನ್ನು ಅವರೇ ಹೇಳಬೇಕು. ವಾಸಿಯಾಗುತ್ತೇನೆಂದು ನಂಬಿ ಸಹಿ ಹಾಕಿದವರು ಬೇರೊಂದು ಆಪರೇಷನ್ನಿಗೆ ಸಹಿ ಹಾಕಿರುತ್ತಾರೆ. ಮೇಲಾಗಿ ದೇಹ ಸುಳ್ಳು ಹೇಳುವುದಿಲ್ಲ; ಮೂರನೇ ತಿಂಗಳಿಗೆ ಕಣ್ಣು ಹಳದಿಯಾದಾಗ ರೋಗಿಗೆ ಎಲ್ಲವೂ ತಿಳಿಯುತ್ತದೆ. ಆಗ ಮಾತಾಡಲು ಯಾರೂ ಸಿಗುವುದಿಲ್ಲ, ಎಲ್ಲರೂ ಹಳೆಯ ಸುಳ್ಳಿನ ಆಚೆ ಬದಿಯಲ್ಲಿ ನಿಂತಿರುತ್ತಾರೆ. ಎಲ್ಲವನ್ನೂ ಒಂದೇ ಏಟಿಗೆ ಹೇಳಬೇಕಾಗಿಲ್ಲ. "ರೋಗ ಪೂರ್ತಿ ಹೋಗುವುದಲ್ಲ, ಊಟ ಇಳಿಯುವ ಹಾಗೆ ಮಾಡಬಹುದು, ಮಾಡಲೇ?" ಎಂಬಷ್ಟು ಹೇಳಿದರೆ ನಿಜವೂ ಉಳಿಯುತ್ತದೆ, ಆಸೆಯೂ ಉಳಿಯುತ್ತದೆ, ಆಸೆಯ ಅಳತೆ ಮಾತ್ರ ಬದಲಾಗಿರುತ್ತದೆ.

ಈ ಮಾತುಕತೆ ಎಷ್ಟು ಸೂಕ್ಷ್ಮವಾಗಿ ನಡೆಯಬೇಕೆಂಬುದು ಕೊಲಾಸ್ಟಮಿಯ ವಿಷಯದಲ್ಲಿ ಗೊತ್ತಾಗುತ್ತದೆ. ಗುದದ ಬಳಿಯ ಗಡ್ಡೆ ದಾರಿ ಮುಚ್ಚಿದಾಗ ದೊಡ್ಡ ಕರುಳಿನ ಒಂದು ಭಾಗವನ್ನು ಹೊಟ್ಟೆಯ ಎಡಬದಿಗೆ ಹೊರತಂದು ಚರ್ಮಕ್ಕೆ ಹೊಲಿಯುತ್ತಾರೆ. ಒಳತುಟಿಯ ಹಾಗೆ ಕೆಂಪಗೆ, ತೇವವಾಗಿ ಕಾಣುವ ಆ ಬಾಯಿಗೆ ಮುಟ್ಟಿದರೆ ನೋವಾಗುವುದಿಲ್ಲ. ಅದರ ಸುತ್ತ ಅಂಟಿಸಿದ ಚೀಲದಲ್ಲಿ ಮಲ ಸೇರುತ್ತದೆ. ಮೂರರಲ್ಲೊಂದು ಭಾಗ ತುಂಬಿದಾಗ ಖಾಲಿ ಮಾಡಬೇಕು, ಇಲ್ಲವಾದರೆ ಭಾರಕ್ಕೆ ಅಂಚು ಬಿಟ್ಟುಕೊಳ್ಳುತ್ತದೆ. ಪ್ರಾಣ ಹಿಂಡುವ ಹೊಟ್ಟೆನೋವಿನಿಂದ ಇದು ಒಂದೇ ದಿನದಲ್ಲಿ ಬಿಡಿಸಬಲ್ಲದು. ಆದರೆ ಮಡಿಯುಟ್ಟು ದೇವರ ಮುಂದೆ ಕೂರುವವರಿಗೆ, ಐದು ಹೊತ್ತು ನಮಾಜು ಮಾಡುವವರಿಗೆ ಸರ್ಜನ್ನಿಗೆ ಹೊಳೆಯದ ಪ್ರಶ್ನೆಯೊಂದು ಏಳುತ್ತದೆ: ಈ ಮೈಯಲ್ಲಿ ಇನ್ನು ಪೂಜೆಗೆ ಕೂರಬಹುದೇ? ಈ ಭಯಕ್ಕೆ ಆಪರೇಷನ್ ಬೇಡವೆನ್ನುವವರಿಗೆ ಧರ್ಮದ ಒಳಗಿನಿಂದಲೇ ಉತ್ತರವಿದೆ. ನಿರಂತರ ಸ್ರಾವವಿರುವವರು ಪ್ರತಿ ನಮಾಜಿನ ಹೊತ್ತಿಗೂ ಹೊಸದಾಗಿ ವುಜೂ (ಅಂಗಶುದ್ಧಿ) ಮಾಡಿ ಪ್ರಾರ್ಥನೆ ಸಲ್ಲಿಸಬಹುದೆಂದು ಇಸ್ಲಾಮಿನ ಧರ್ಮನಿಯಮವಾದ ಫಿಕ್ಹ್ ವಿನಾಯಿತಿ ಕೊಡುತ್ತದೆ. ಹಿಂದೂ ಧರ್ಮಶಾಸ್ತ್ರ ರೋಗಿಗೆ ಶೌಚದ ನಿಯಮವನ್ನು ಸಡಿಲಿಸಿ, ನೀರಿನ ಸ್ನಾನಕ್ಕೆ ಬದಲಾಗಿ ಮಂತ್ರಸ್ನಾನ, ಭಸ್ಮಸ್ನಾನಗಳನ್ನು ಹೇಳುತ್ತದೆ. ಪುರೋಹಿತರೋ ಮೌಲವಿಗಳೋ ಹಾಸಿಗೆಯ ಪಕ್ಕ ಕೂತು ಇದನ್ನು ಹೇಳಿದರೆ ಅದೂ ಚಿಕಿತ್ಸೆಯ ಭಾಗವೇ. ಹೇಳಿದ ಮೇಲೂ ಬೇಡ ಎಂದರೆ, ಆ ಬೇಡಕ್ಕೆ ತಲೆಬಾಗಬೇಕು.

ಕೊನೆಗೆ, ಮಾರ್ಫಿನ್ ಇದೆ, ಸ್ಟೆಂಟ್ ಇದೆ, ಉಪಶಮನ ಕೇಂದ್ರಗಳಿವೆ, ಇಷ್ಟೆಲ್ಲ ಇರುವಾಗ ಕತ್ತಿ ಏಕೆ, ಖರ್ಚೇಕೆ ಎಂಬ ಮಾತು. ಇದರಲ್ಲಿ ಬಹುಪಾಲು ನಿಜ. ತೀರ ಸೊರಗಿದವರಿಗೆ, ಹೊಟ್ಟೆಯಲ್ಲಿ ನೀರು ತುಂಬಿಕೊಂಡವರಿಗೆ, ಕರುಳು ಹಲವು ಕಡೆ ಕಟ್ಟಿದವರಿಗೆ ಶಸ್ತ್ರ ಕೊಡುವುದಕ್ಕಿಂತ ಕೀಳುವುದೇ ಹೆಚ್ಚು. ಆದರೆ ಮಾರ್ಫಿನ್ ನೋವನ್ನು ತಗ್ಗಿಸುತ್ತದೆ, ಕಟ್ಟಿದ ಕರುಳನ್ನು ತೆರೆಯುವುದಿಲ್ಲ. ಕತ್ತಿ ಕರುಳನ್ನು ತೆರೆಯುತ್ತದೆ, ರಾತ್ರಿಯ ಭಯವನ್ನು ತೆಗೆಯುವುದಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದ ಸಿಸಿಲಿ ಸಾಂಡರ್ಸ್ ನೋವನ್ನು ಮೈ, ಮನಸ್ಸು, ಸಂಸಾರ, ಆತ್ಮ ಎಲ್ಲ ಸೇರಿದ ಇಡಿಯಾದ ಒಂದು ವಸ್ತುವಾಗಿ ಕಂಡರು. ಅವರಿಂದ ಕಲಿತು ಕೆನಡಾದಲ್ಲಿ ಈ ಆರೈಕೆಗೆ ಇವತ್ತಿನ ಇಂಗ್ಲಿಷ್ ಹೆಸರು ಕೊಟ್ಟ ಬಾಲ್ಫೋರ್ ಮೌಂಟ್ ವೃತ್ತಿಯಲ್ಲಿ ಸರ್ಜನ್ ಆಗಿದ್ದವರು. ಕತ್ತಿಗೂ ಆರೈಕೆಗೂ ವೈರವಿಲ್ಲ ಎಂಬುದಕ್ಕೆ ಅಷ್ಟು ಸಾಕು. ಬೆಂಗಳೂರಿನ ಕರುಣಾಶ್ರಯದಂಥ ಕೇಂದ್ರಗಳು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತಿವೆ. ಅಲ್ಲಿಗೆ ಹೋಗುವ ದಾರಿಯನ್ನು ಆಪರೇಷನ್ನಿನ ಮೊದಲೇ ಹೇಳಬೇಕು. ಆಪರೇಷನ್ ಆಗಿ, ಮನೆಯ ಒಡವೆಯೆಲ್ಲ ಅಡವಿಟ್ಟ ಮೇಲಲ್ಲ.

ಆಪ್ತರೊಬ್ಬರ ಆಪರೇಷನ್ನಿಗೆ ಒಪ್ಪಿಗೆ ಪತ್ರ ಮುಂದಿಟ್ಟಾಗ ಓದುಗರು ಕೇಳಬೇಕಾದ್ದು ಮೂರು ಮಾತು: ಇದು ಯಾವ ಕಷ್ಟವನ್ನು ಕಳೆಯುತ್ತದೆ, ಎಷ್ಟು ದಿನಕ್ಕೆ ಕಳೆಯುತ್ತದೆ, ಅದಕ್ಕೆ ಎಷ್ಟು ದಿನ ಆಸ್ಪತ್ರೆಯಲ್ಲಿ ಕೊಡಬೇಕು? ಆಮೇಲೆ ಕಾಗದವನ್ನು ಹಿಡಿದುಕೊಂಡು ರೋಗಿಯ ಹತ್ತಿರ ಹೋಗಿ, ಆ ಕಷ್ಟ ಅವರದೋ ಎಂದು ಕೇಳಿ. ಅವರು ಹೌದೆಂದರೆ ಕಂಬ ಕೊಡಿ. ಇಲ್ಲವೆಂದರೆ ಕಾಗದವನ್ನು ಹಿಂದಿರುಗಿಸಿ, ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.